ಬೋತ್ನಾಳ ಮಗಳು, ಸೋಲ್ರೂನಳ ಮಗಳು

ನಮ್ಮ ವಿಂದಾ ಕಣಿವೆಯಲ್ಲಿ ಸ್ವಂತದ್ದೊಂದು ಕುರಿಯೂ ಇಲ್ಲದೆ, ಎರಡು ಸಾವಿರ ಕುರಿಗಳ ಅಮ್ಮ ಅಜ್ಜಿ ಮುತ್ತಜ್ಜಿಯರನ್ನು ಬಲ್ಲವಳು ಒಬ್ಬಳಿದ್ದಾಳೆ. ಅವಳು ಆಲ್ಡಿಸ್. ಐಸ್‌ಲ್ಯಾಂಡಿನ ಉತ್ತರಕ್ಕಿರುವ ಈ ಕಣಿವೆಯಲ್ಲಿ ಇರುವುದೇ ಹನ್ನೊಂದು ಮನೆ. ಹನ್ನೊಂದು ಮನೆಯವರೂ ತಮ್ಮ ಕುರಿಗಳ ಹುಟ್ಟು ಸಾವು ಬರೆಯುವುದು ಆಲ್ಡಿಸ್ ಕಟ್ಟಿದ ವೆಬ್‌ಸೈಟಿನಲ್ಲಿ. ಅವಳಿಗೋ ಕುರಿಯ ವಾಸನೆಯೇ ಆಗದು. ಕೊಟ್ಟಿಗೆಯ ಬಾಗಿಲಿಗೆ ಬಂದರೆ ಸ್ವೆಟರಿನ ಕತ್ತನ್ನು ಮೂಗಿನ ತನಕ ಎಳೆದುಕೊಳ್ಳುತ್ತಾಳೆ. ಆದರೂ ಯಾವ ಕುರಿ ಯಾವ ಟಗರಿನ ಮೊಮ್ಮಗಳು ಎಂದು ಕೇಳಿ ನೋಡಿ, ಕಾಫಿ ಕುದಿಯುವುದರೊಳಗೆ ಹೇಳುತ್ತಾಳೆ.

ನಾನು ಹ್ಯಾಲ್ತಿ. ಹೋಲ್ ಎಂಬ ಮನೆಯವನು. ಪ್ರತಿ ಸೆಪ್ಟೆಂಬರಿನಲ್ಲಿ ಬೆಟ್ಟದಿಂದ ಕುರಿ ಇಳಿಸುವಾಗ ಎಲ್ಲರಿಗೂ ಅಪ್ಪಣೆ ಕೊಡುವವನು ನಾನು. ಆ ಮೂರು ದಿನ ನನ್ನನ್ನು ಬೆಟ್ಟದ ರಾಜ ಎಂದು ಕರೆಯುತ್ತಾರೆ. ಉಳಿದ ಮುನ್ನೂರ ಅರವತ್ತೆರಡು ದಿನ ಏನೆಂದು ಕರೆಯುತ್ತಾರೆ ಎಂಬುದನ್ನು ಇಲ್ಲಿ ಬರೆಯುವಂತಿಲ್ಲ.

ಆಲ್ಡಿಸ್ ನನಗೆ ಒಡಹುಟ್ಟಿದವಳಲ್ಲ, ಆದರೂ ಒಂದೇ ಹಾಲು ಕುಡಿದವಳು. ಅವಳ ತಾಯಿ ಸೋಲ್ರೂನ್ ನಮ್ಮ ಪಕ್ಕದ ಮನೆಯಲ್ಲಿದ್ದಳು. ಹೆರಿಗೆಯಾದ ಮರುದಿನವೇ ತೀರಿಕೊಂಡಳು. ಅಪ್ಪ ಎನ್ನುವವನು ಮೀನಿನ ಹಡಗಿನವನು, ಬಂದ ಹಾಗೆಯೇ ಹೋಗಿದ್ದ. ಆಗ ನನಗೆ ಐದು ತಿಂಗಳು. ನನ್ನ ತಾಯಿ ರಾಗ್ನಾ ಆ ಮಗುವನ್ನು ಕಂಬಳಿಯಲ್ಲಿ ಸುತ್ತಿ ತಂದಳು. ಒಂದು ಮಗ್ಗುಲಿಗೆ ನಾನು, ಇನ್ನೊಂದು ಮಗ್ಗುಲಿಗೆ ಅವಳು. ನನ್ನ ಪಾಲಿನಲ್ಲಿ ಅರ್ಧ ಹೋಯಿತೆಂಬ ಸಿಟ್ಟು ನನಗೆ ಐವತ್ತಾರು ವರ್ಷವಾದರೂ ಇಳಿದಿಲ್ಲ.

ನಮ್ಮಲ್ಲಿ ಮನೆತನದ ಹೆಸರೆಂಬುದಿಲ್ಲ. ಇಂಥವರ ಮಗ, ಇಂಥವರ ಮಗಳು, ಅಷ್ಟೇ. ಸಾಮಾನ್ಯವಾಗಿ ಅಪ್ಪನ ಹೆಸರು ಬರುತ್ತದೆ. ಇವಳಿಗೆ ಯಾರ ಹೆಸರು ಎಂದು ಪಾದ್ರಿ ಕೇಳಿದಾಗ ನನ್ನ ತಾಯಿ, "ಹಾಲು ನಂದು, ಹೆಸರು ಅವಳದು. ಸೋಲ್ರೂನ್ ಮಗಳು ಆಲ್ಡಿಸ್ ಅಂತ ಬರಿ" ಎಂದಳಂತೆ. ಪಾದ್ರಿ ಬರೆದ. ನನ್ನ ತಾಯಿಯ ಮುಂದೆ ಎರಡನೆಯ ಸಲ ಪ್ರಶ್ನೆ ಕೇಳಿದ ಪಾದ್ರಿ ಈ ಕಣಿವೆಗೆ ಬಂದದ್ದೇ ಇಲ್ಲ.

ಇಪ್ಪತ್ತರ ವಯಸ್ಸಿಗೆ ಆಲ್ಡಿಸ್ ಕರಾವಳಿಗೆ ಹೋಗಿ ಮೀನಿನ ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ಕಾಡ್ ಎಂಬ ಮೀನು ಸೀಳಿದಳು. ಅಲ್ಲಿ ಪೆಟ್ಟಿಗೆಗಳ ಲೆಕ್ಕ ಇಡುವ ಕಂಪ್ಯೂಟರ್ ದಿನಾ ಕೆಡುತ್ತಿತ್ತು. ಅದನ್ನು ಸರಿ ಮಾಡಲು ರಾಜಧಾನಿಯಿಂದ ಬರುತ್ತಿದ್ದವನ ಭುಜದ ಮೇಲಿಂದ ಇಣುಕಿ ನೋಡುತ್ತ ನೋಡುತ್ತ, ಒಂದು ದಿನ ಅವನಿಗೇ "ನೀನು ತಪ್ಪು ಸಾಲು ಅಳಿಸ್ತಾ ಇದೀಯ" ಎಂದಳಂತೆ. ಅವನು ನಕ್ಕ. ಆಮೇಲೆ ಅವನು ನಗಲಿಲ್ಲ. ಅಲ್ಲಿಂದ ಶುರುವಾದದ್ದು. ಪುಸ್ತಕ ತರಿಸಿಕೊಂಡು ಕಲಿತಳು, ಚಳಿಗಾಲದ ತರಗತಿಗಳಿಗೆ ಹೋದಳು, ಕೊನೆಗೆ ಕಣಿವೆಗೆ ಮರಳಿ ಮುಚ್ಚಿಹೋಗಿದ್ದ ಶಾಲೆಯ ಕಟ್ಟಡದಲ್ಲಿ ಮನೆ ಮಾಡಿದಳು. ಕಪ್ಪು ಹಲಗೆ ಇನ್ನೂ ಅವಳ ಅಡುಗೆಮನೆಯ ಗೋಡೆಯ ಮೇಲೇ ಇದೆ. ಅದರ ಮೇಲೆ ಚೌಕಗಳನ್ನೂ ಬಾಣಗಳನ್ನೂ ಬರೆಯುತ್ತಾಳೆ, ಪಕ್ಕದಲ್ಲೇ ಹಾಲು ಮೊಟ್ಟೆ ತರಬೇಕು ಎಂದೂ ಬರೆದಿರುತ್ತಾಳೆ.

ನಮ್ಮ ಕುರಿಗಾರರ ಸಂಘ ಅವಳಿಗೆ ಕೆಲಸ ಒಪ್ಪಿಸಿದ್ದು ತುಂಡು ತುಂಡಾಗಿ. ಮೊದಲ ವರ್ಷ, ಕುರಿಗಳ ಪಟ್ಟಿ ಬೇಕು, ಯಾವುದು ಇದೆ ಯಾವುದು ಸತ್ತಿತು ಎಂದು ತಿಳಿಯಬೇಕು ಎಂದೆವು. ಅವಳು ಒಂದು ಫಾರ್ಮ್ ಮಾಡಿದಳು. ಎರಡನೆಯ ವರ್ಷ, ಮರಿಗಳದ್ದೂ ಬೇಕು ಎಂದೆವು. ಇನ್ನೊಂದು ಪುಟ, ಇನ್ನೊಂದು ಫಾರ್ಮ್. ಮೂರನೆಯ ವರ್ಷ, ಒಂದು ಕುರಿಯ ಮರಿಯನ್ನು ಇನ್ನೊಂದು ಕುರಿಯ ಹಾಲಿಗೆ ಬಿಟ್ಟರೆ ಅದನ್ನು ಬರೆಯುವುದೆಲ್ಲಿ ಎಂದು ಕೇಳಿದೆವು. ಮತ್ತೊಂದು ಪುಟ, ಮತ್ತೊಂದು ಫಾರ್ಮ್. ಪ್ರತಿ ಪುಟದ ಕೆಳಗೂ ಒಂದೊಂದು 'ಸೇವ್' ಬಟನ್. ಸಂಘದವರ ಬುದ್ಧಿ ಹೇಗೆ ಬೆಳೆಯಿತೋ ವೆಬ್‌ಸೈಟೂ ಹಾಗೆಯೇ ಬೆಳೆಯಿತು, ಅಂದರೆ ವರ್ಷಕ್ಕೆ ಒಂದು ಪುಟ.

ಇಲ್ಲಿ ನನ್ನದೂ ಒಂದು ಪಾಲಿನ ಪಾಪವಿದೆ, ಮುಚ್ಚಿಡುವುದಿಲ್ಲ. ಮರಿಗಳ ಫಾರ್ಮ್ ಬಂದ ವರ್ಷ ನಾನು ಒಂದು ಜೋಡಿ ಅವಳಿ ಮರಿಗಳನ್ನು ಹಿಂದಿನ ವರ್ಷವೇ ಹಳ್ಳಕ್ಕೆ ಬಿದ್ದು ಸತ್ತಿದ್ದ ಕುರಿಯ ಲೆಕ್ಕಕ್ಕೆ ಬರೆದುಬಿಟ್ಟೆ. ಸತ್ತವಳಿಗೂ ಮರಿಗಳ ನಿಜವಾದ ತಾಯಿಗೂ ಒಂದೇ ಹೆಸರಿತ್ತು, ನಾನೇನು ಮಾಡಲಿ? ಸಂಘದ ವಾರ್ಷಿಕ ಸಭೆಯಲ್ಲಿ ಆಲ್ಡಿಸ್ ಅದನ್ನು ಗೋಡೆಯ ಮೇಲೆ ಬಾಗಿಲಿನಷ್ಟು ದೊಡ್ಡದಾಗಿ ತೋರಿಸಿದಳು.

"ನೋಡ್ರಪ್ಪ, ಹ್ಯಾಲ್ತಿ ಕೊಟ್ಟಿಗೇಲಿ ಸತ್ತ ಕುರೀನೂ ಅವಳಿ ಮರಿ ಹಾಕತ್ತೆ. ಅದೇನು ಮೇವು ಹಾಕ್ತೀಯೋ, ನಮಗೂ ಸ್ವಲ್ಪ ಹೇಳೋ!"

ಜನ ಮೇಜು ಕುಟ್ಟಿ ಕುಟ್ಟಿ ನಕ್ಕರು. ಎಂಬತ್ತು ದಾಟಿದ ಬೆಸ್ಸಿಯಂತೂ ಕಾಫಿ ನೆತ್ತಿಗೇರಿ ಕೆಮ್ಮಿದ. ಮರುವಾರವೇ ಆಲ್ಡಿಸ್ ಹೊಸ ನಿಯಮ ಹಾಕಿದಳು. ಸತ್ತಿದೆ ಎಂದು ಬರೆದ ಕುರಿಯ ಹೆಸರಿಗೆ ಮರಿ ಬರೆಯಲು ಹೋದರೆ ಯಂತ್ರ ಒಪ್ಪುವುದಿಲ್ಲ. 'ಈ ಹೆಸರಿನ ಜೀವಂತ ಕುರಿ ಇಲ್ಲ' ಎಂದು ಕೆಂಪಕ್ಷರದಲ್ಲಿ ಬರುತ್ತದೆ.

"ಇನ್ನು ಮೇಲೆ ನೀನು ಕಣ್ಣು ಮುಚ್ಕೊಂಡು ಬರೆದರೂ ತಪ್ಪಾಗಲ್ಲ" ಎಂದು ನನ್ನ ಬೆನ್ನು ತಟ್ಟಿದಳು. ಬೇಲಿ ಗಟ್ಟಿಯಾಯಿತೆಂದು ನಾವೆಲ್ಲ ನೆಮ್ಮದಿಯಾಗಿದ್ದೆವು. ಆ ಬೇಲಿಯೇ ಎದ್ದು ಹೊಲ ಮೇಯುತ್ತದೆಂದು ಯಾರಿಗೆ ಗೊತ್ತಿತ್ತು?

ಈಗ ಬೆಸ್ಸಿಯ ವಿಷಯ. (ನಮ್ಮಲ್ಲಿ ಪಾದ್ರಿಗೂ ಮುದುಕರಿಗೂ ಏಕವಚನವೇ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.) ಬೆಸ್ಸಿ ಕಣಿವೆಯ ತುದಿಯ ಸೆಲ್ ಎಂಬ ಮನೆಯಲ್ಲಿ ಒಬ್ಬನೇ ಇದ್ದಾನೆ. ಮಾಂಸಕ್ಕೆ ಸಾಕುವ ಬಿಳಿ ಕುರಿ ಅವನ ಹತ್ತಿರ ಅರವತ್ತು ಇವೆ, ಅವಕ್ಕೆ ಅವನು ಹೆಸರಿಡುವುದಿಲ್ಲ, ಬರೀ ನಂಬರ್. ಹೆಸರಿರುವುದು ಮುಂದಾಳು ಕುರಿಗೆ ಮಾತ್ರ. ಉದ್ದ ಕಾಲಿನ, ತೆಳ್ಳನೆಯ ಮೈಯ ಜಾತಿ ಅದು. ಮಾಂಸಕ್ಕೆ ಬಾರದು. ಆದರೆ ಹಿಮಗಾಳಿ ಬರುವ ಮುಂಚೆಯೇ ಮೂಗೆತ್ತಿ ನಿಲ್ಲುತ್ತದೆ, ದಾರಿ ಕಾಣದ ಹಿಮದಲ್ಲಿ ಮುಂದೆ ನಡೆದು ಇಡೀ ಹಿಂಡನ್ನು ಮನೆಗೆ ತಲುಪಿಸುತ್ತದೆ. ಬೆಸ್ಸಿಯ ಮುತ್ತಜ್ಜಿಯ ಕಾಲದಿಂದ ಆ ಒಂದು ಸಂತಾನ ಸೆಲ್ ಮನೆಯಲ್ಲಿ ತಾಯಿಯಿಂದ ಮಗಳಿಗೆ ನಡೆದುಕೊಂಡು ಬಂದಿತ್ತು. ಅದರಲ್ಲಿ ಕೊನೆಗೆ ಉಳಿದಿದ್ದವಳು ಬೋತ್ನಾ, ಹದಿಮೂರು ವರ್ಷದ ಮುದುಕಿ. ಮೂರು ವರ್ಷದಿಂದ ಬರೀ ಗಂಡು ಮರಿ ಹಾಕುತ್ತಿದ್ದಳು. ಒಂದು ಹೆಣ್ಣುಮರಿ ಸಿಕ್ಕಿದರೆ ಸಾಕು ಎಂದು ಬೆಸ್ಸಿ ಜಪ ಮಾಡುತ್ತಿದ್ದ.

ಹೋದ ವರ್ಷದ ಮೇ ತಿಂಗಳ ಒಂದು ಬೆಳಿಗ್ಗೆ ಬೋತ್ನಾ ಹೆಣ್ಣುಮರಿಯನ್ನೇ ಹಾಕಿದಳು, ಹಾಕಿ ಸತ್ತಳು. ಬಿಳಿ ಟಗರಿನ ಮರಿ, ಹಾಗಾಗಿ ಅಪ್ಪನಂತೆ ಬಿಳಿ. ಅದೇ ಹೊತ್ತಿಗೆ ಸತ್ತ ಮರಿ ಹಾಕಿದ್ದ ಬಿಳಿ ಕುರಿಯೊಂದು ಪಕ್ಕದಲ್ಲಿತ್ತು. ಬೆಸ್ಸಿ ಬೋತ್ನಾಳ ಮರಿಯನ್ನು ಆ ಕುರಿಯ ಹೆರಿಗೆಯ ನೀರಿನಲ್ಲೇ ತೋಯಿಸಿ ಅದರ ಮೂಗಿಗೆ ಹಿಡಿದ. ಅದು ನೆಕ್ಕಿತು, ಹಾಲು ಕೊಟ್ಟಿತು. ಬೆಸ್ಸಿ ಹುಲ್ಲಿನ ಮೂಟೆಯ ಮೇಲೆ ಕುಳಿತು, ಒದ್ದೆ ಕೈ ಒರೆಸಿಕೊಂಡು ಮೊಬೈಲ್ ತೆಗೆದ.

ಇಷ್ಟನ್ನು ನಾವು ತಿಳಿದದ್ದು ಸೆಪ್ಟೆಂಬರಿನಲ್ಲಿ. ಕಥೆ ಅರ್ಥವಾಗಬೇಕೆಂದು ಮೊದಲೇ ಹೇಳುತ್ತಿದ್ದೇನೆ. ಮೇ ತಿಂಗಳಲ್ಲಿ ನಾವೆಲ್ಲ ನಮ್ಮ ನಮ್ಮ ಕೊಟ್ಟಿಗೆಯಲ್ಲಿ ಮರಿ ಹಿಡಿಯುತ್ತ ನಿಂತಲ್ಲೇ ನಿದ್ದೆ ಮಾಡುತ್ತಿರುತ್ತೇವೆ. ಬೆಸ್ಸಿ ಯಾರಿಗೂ ಏನೂ ಹೇಳಲಿಲ್ಲ, ನಾವು ಕೇಳಲೂ ಇಲ್ಲ.

ಬೆಸ್ಸಿ ಮೊದಲು ತೆರೆದದ್ದು ಯಾವ ಫಾರ್ಮ್? ಸಾವಿನದು. ಯಾಕೆಂದು ನಮ್ಮ ಕಣಿವೆಯ ಹಳಬರನ್ನು ಕೇಳಬೇಕು. ಹಿಂದೆ ಇಲ್ಲಿ ಹನ್ನೊಂದು ಮನೆಗೂ ಒಂದೇ ತಂತಿಯ ಫೋನಿತ್ತು. ಯಾರು ಯಾರಿಗೆ ಮಾಡಿದರೂ ಉಳಿದ ಹತ್ತು ಮನೆಯವರು ಸದ್ದಿಲ್ಲದೆ ಎತ್ತಿ ಕೇಳುತ್ತಿದ್ದರು. ಆಗ ಒಂದು ಕಟ್ಟಳೆ ಇತ್ತು: ಸಾವಿನ ಸುದ್ದಿ ಮೊದಲು, ಹುಟ್ಟಿನದು ಆಮೇಲೆ, ಹವಾಮಾನ ಕೊನೆಗೆ. ಹುಟ್ಟಿನ ಸಂತೋಷ ಮೊದಲು ಹೇಳಿ ಜನ ನಕ್ಕಮೇಲೆ ಸಾವು ಹೇಳಿದರೆ ನಕ್ಕವರಿಗೆ ಅವಮಾನ. ಬೆಸ್ಸಿ ಆ ತಂತಿಯಲ್ಲಿ ಬೆಳೆದವನು. ಮೊದಲ ಪುಟದಲ್ಲಿ ಬೋತ್ನಾ ಸತ್ತಳು ಎಂದು ಬರೆದು ಸೇವ್ ಒತ್ತಿದ. ಎರಡನೆಯ ಪುಟದಲ್ಲಿ ಬೋತ್ನಾಳಿಗೆ ಮರಿ ಹುಟ್ಟಿತು ಎಂದು ಬರೆದ. ಈ ಹೆಸರಿನ ಜೀವಂತ ಕುರಿ ಇಲ್ಲ ಎಂದಿತು ಯಂತ್ರ. ಕೊನೆಗೆ ಮುದುಕ ಸೋತು, ಕಣ್ಣೆದುರು ಹಾಲು ಕೊಡುತ್ತಿದ್ದ ಬಿಳಿ ಕುರಿಯ ನಂಬರ್ ಬರೆದ. ಯಂತ್ರ ತಕ್ಷಣ ಒಪ್ಪಿತು.

ಜುಲೈಯಲ್ಲಿ ಬೆಸ್ಸಿ ಹುಲ್ಲಿನ ಬಂಡಿಯಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡ. ಪಟ್ಟಣದ ಆಸ್ಪತ್ರೆಗೆ ಸೇರಿಸಿದರು. ಸೆಪ್ಟೆಂಬರಿನಲ್ಲಿ ಬೆಟ್ಟದಿಂದ ಕುರಿ ಇಳಿದಾಗ ಅವನ ಪಾಲಿನದನ್ನು ಬೇರ್ಪಡಿಸುವ ಕೆಲಸ ನನ್ನದಾಯಿತು. ಯಾವ ಹೆಣ್ಣುಮರಿಯನ್ನು ಚಳಿಗಾಲಕ್ಕೆ ಇಟ್ಟುಕೊಳ್ಳುವುದು, ಯಾವುದನ್ನು ಕಸಾಯಿಖಾನೆಯ ಲಾರಿಗೆ ಹತ್ತಿಸುವುದು ಎಂಬ ಪಟ್ಟಿ ಆಲ್ಡಿಸಳ ವೆಬ್‌ಸೈಟಿನಿಂದಲೇ ಬರುತ್ತದೆ. ತಾಯಿ ಎಂಥವಳು, ಮರಿಯ ತೂಕ ಎಷ್ಟು ಎಂದು ನೋಡಿ ಅದೇ ಸಾಲು ಮಾಡುತ್ತದೆ.

ಭಾನುವಾರ ಮಧ್ಯಾಹ್ನ ಸೆಲ್ ಮನೆಯ ಅಡುಗೆಮನೆಯಲ್ಲಿ ನಾನೂ ಆಲ್ಡಿಸಳೂ ಮಾಂಸದ ಸೂಪು ಕುಡಿಯುತ್ತಿದ್ದೆವು. ಅವಳು ಪಟ್ಟಿ ತಂದಿದ್ದಳು. ಬೆಸ್ಸಿಯ ಫೋನು ಬಂತು.

"ಹ್ಯಾಲ್ತಿ, ಬೋತ್ನಾ ಮಗಳು ಇಳಿದು ಬಂದ್ಲಾ?"

"ಬೋತ್ನಾಗೆ ಮಗಳೆಲ್ಲಿದೆ ಮಾರಾಯಾ? ಬೋತ್ನಾ ಮೇನಲ್ಲೇ ಸತ್ಲು ಅಂತಿದೆ ಪಟ್ಟೀಲಿ."

"ಸಾಯೋ ಮುಂಚೆ ಹಾಕಿದ್ಲು. ಹೆಣ್ಣುಮರಿ. ಆಲ್ಡಿಸ್ ಯಂತ್ರದಲ್ಲಿ ಬರೆದಿದೀನಿ, ಕೇಳು ಅವಳನ್ನ."

ಆಲ್ಡಿಸ್ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದಳು. ಬೋತ್ನಾ, ಮೇ ಹದಿನೇಳರಂದು ಸಾವು, ಈ ವರ್ಷದ ಮರಿಗಳು ಇಲ್ಲ.

"ಬೆಸ್ಸಿ, ಇದರಲ್ಲಿ ಇಲ್ವಲ್ಲೋ" ಎಂದಳು. "ಮರಿ ಕಿವಿಯೋಲೆ ನಂಬರ್ ನೆನಪಿದೆಯಾ?"

"ಎಂಬತ್ತು ಮರಿ ಕಿವಿಗೆ ಓಲೆ ಹಾಕಿದೀನಿ ಕಣಮ್ಮ. ಅದೆಲ್ಲ ನೆನಪಿಟ್ಕೊಳ್ಳೋಕೆ ತಾನೇ ನೀನಿರೋದು?"

"ಯಾವ ಕುರಿಗೆ ಹಾಲಿಗೆ ಬಿಟ್ಟೆ?"

"ಬಿಳೀದು."

"ಎಲ್ಲಾ ಬಿಳೀದೇ!" ಎಂದು ನಾನು ಕೂಗಿದೆ. "ಮರಿ ಯಾವ ಬಣ್ಣ?"

"ಅದೂ ಬಿಳೀನೇ" ಎಂದ ಬೆಸ್ಸಿ. "ಅವಳನ್ನ ಲಾರಿ ಹತ್ತಿಸಬೇಡ ಹ್ಯಾಲ್ತಿ. ಇನ್ನೊಂದು ಹುಟ್ಟಲ್ಲ" ಎಂದ. ನರ್ಸ್ ಫೋನು ಇಸಿದುಕೊಂಡು, ಅವನಿಗೆ ಈಗ ಮಾತ್ರೆಯ ಹೊತ್ತು ಎಂದಳು.

ಮುದುಕನಿಗೆ ಮಾತ್ರೆಯ ಮಂಪರು, ಹಳೆಯ ವರ್ಷದ ಮರಿಯನ್ನು ಈ ವರ್ಷಕ್ಕೆ ಸೇರಿಸುತ್ತಿದ್ದಾನೆ ಎಂದೆ ನಾನು. ಆಲ್ಡಿಸಳಿಗೂ ಹಾಗೆಯೇ ಅನಿಸಿತ್ತು. ಅವಳಿಗೆ ತನ್ನ ಯಂತ್ರದ ಮೇಲೆ ಹೆತ್ತವರಿಗೆ ಹೆಗ್ಗಣ ಮುದ್ದು ಎಂಬಂಥ ಪ್ರೀತಿ. ಪಟ್ಟಿಯಲ್ಲಿ ಲಾರಿಗೆಂದು ಇದ್ದ ಬಿಳಿ ಹೆಣ್ಣುಮರಿಗಳು ಮೂವತ್ತೊಂದು. ಬೆಸ್ಸಿಯಿಲ್ಲದೆ ಆ ವರ್ಷ ಅರ್ಧ ಹೊಲದ ಹುಲ್ಲನ್ನಷ್ಟೇ ನಾವು ಕೊಯ್ದಿದ್ದೆವು, ಮೂವತ್ತೊಂದನ್ನೂ ಚಳಿಗಾಲ ಪೂರ್ತಿ ಸಾಕಲು ಮೇವಿರಲಿಲ್ಲ. ಲಾರಿಯ ಸರದಿ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ. ತಪ್ಪಿದರೆ ತಿಂಗಳು ಬಿಟ್ಟು.

"ಯಂತ್ರ ಸುಳ್ಳು ಹೇಳಲ್ಲ" ಎಂದಳು ಆಲ್ಡಿಸ್. ಆದರೆ ಸೂಪು ಅರ್ಧಕ್ಕೇ ಬಿಟ್ಟಳು. ಅವಳು ನನ್ನ ತಾಯಿಯ ಕೈಯಲ್ಲಿ ಬೆಳೆದವಳು, ತಟ್ಟೆಯಲ್ಲಿ ಏನನ್ನೂ ಬಿಡುವವಳಲ್ಲ.

ಸೋಮವಾರ ಬೆಳಿಗ್ಗೆ ಲಾರಿ ಹೇಳಿದ ಹೊತ್ತಿಗೇ ಬಂತು. ಹಲಗೆ ಇಳಿಸಿದರು. ನಾನು ದೊಡ್ಡಿಯ ಬಾಗಿಲು ತೆಗೆದು ಮರಿಗಳನ್ನು ಅಟ್ಟಿದೆ. ಮುಂದೆ ಇದ್ದದ್ದು ಒಂದು ಬಡಕಲು ಮರಿ, ಕಾಲು ಉದ್ದ, ಕತ್ತು ಉದ್ದ. ಅದು ಹಲಗೆಯ ಬುಡಕ್ಕೆ ಬಂದು ನಿಂತಿತು. ಲಾರಿಯೊಳಗೆ ನೋಡಿತು, ಆಕಾಶ ನೋಡಿತು, ನನ್ನನ್ನು ನೋಡಿತು. ತಿರುಗಿತು. ಅದರ ಹಿಂದಿದ್ದ ಅಷ್ಟೂ ಮರಿಗಳು ತಿರುಗಿ ಅದರ ಬೆನ್ನಿಗೆ ದೊಡ್ಡಿಯ ಆಚೆ ಮೂಲೆಗೆ ಹೋದವು.

ಮತ್ತೆ ಅಟ್ಟಿದೆ. ಮತ್ತೆ ಅದೇ ಆಟ. ಮೂರನೆಯ ಸಲಕ್ಕೆ ಲಾರಿಯವನು ಬಾನೆಟ್ಟಿಗೆ ಒರಗಿ ನಿಂತು ನಗತೊಡಗಿದ.

"ಏನು ರಾಜಾ, ಪ್ರಜೆಗಳು ಮಾತು ಕೇಳ್ತಿಲ್ವಾ?"

"ಈ ಒಂದು ದರಿದ್ರದ್ದನ್ನ ಎತ್ತಿ ಒಳಗೆ ಹಾಕಿದ್ರೆ ಉಳಿದಿದ್ದೆಲ್ಲ ತಾನಾಗೇ ಬರತ್ತೆ" ಎಂದೆ. ಸಿಟ್ಟಿನಲ್ಲಿ ಆ ಮರಿಯನ್ನು ಹಿಡಿದು ಎತ್ತಿ ಹೆಗಲ ಮೇಲೆ ಹಾಕಿಕೊಂಡು ಹಲಗೆ ಹತ್ತಿದೆ. ಅದು ನನ್ನ ಕಿವಿ ಕಚ್ಚಿತು.

ಆ ಹೊತ್ತಿಗೆ ಆಲ್ಡಿಸಳ ಕಾರು ಧೂಳೆಬ್ಬಿಸಿಕೊಂಡು ಅಂಗಳಕ್ಕೆ ನುಗ್ಗಿತು. ಇಳಿದವಳ ಕೂದಲಿನಿಂದ ನೀರು ಸುರಿಯುತ್ತಿತ್ತು. ಕಾಲಿಗೆ ರಬ್ಬರ್ ಚಪ್ಪಲಿ, ಮೈಮೇಲೆ ಈಜುಡುಗೆ, ಅದರ ಮೇಲೊಂದು ಸ್ವೆಟರ್, ಕೈಯಲ್ಲಿ ಲ್ಯಾಪ್‌ಟಾಪ್. ಅವಳು ದಿನಾ ಬೆಳಿಗ್ಗೆ ಬಿಸಿನೀರಿನ ಕೊಳದಲ್ಲಿ ಕೂರುತ್ತಾಳೆ. ಅವತ್ತು ಕುತ್ತಿಗೆವರೆಗೆ ಮುಳುಗಿ ಕೂತಿದ್ದಾಗ ಒಂದು ಮಾತು ತಲೆಗೆ ಬಂತಂತೆ. ಯಂತ್ರದ ಪಟ್ಟಿಯಲ್ಲಿ ಇರುವುದು ಅದು ಒಪ್ಪಿಕೊಂಡದ್ದು ಮಾತ್ರ. ಒಪ್ಪದೆ ವಾಪಸು ಕಳಿಸಿದ್ದು? ಅದೂ ಸರ್ವರಿನ ಒಂದು ಮೂಲೆಯಲ್ಲಿ ಸಾಲು ಸಾಲಾಗಿ ಬಿದ್ದಿರುತ್ತದೆ, ಅದನ್ನು ಅವಳು ವರ್ಷಕ್ಕೊಮ್ಮೆಯೂ ತೆರೆದು ನೋಡುವುದಿಲ್ಲ. ಕೊಳದಿಂದ ಎದ್ದವಳು ಕೂದಲು ಒರೆಸಿಕೊಳ್ಳದೆ ಕಾರಿನಲ್ಲೇ ಕೂತು ಅದನ್ನು ತೆರೆದಿದ್ದಳು.

"ಹ್ಯಾಲ್ತೀ! ನಲವತ್ತೇಳು! ನಲವತ್ತೇಳನ್ನ ಹತ್ತಿಸಬೇಡ! ನಲವತ್ತೇಳೆಲ್ಲಿ?"

"ನಂಗೇನೇ ಗೊತ್ತು? ಇಷ್ಟು ಮರೀಲಿ ಎಲ್ಲಿ ಹುಡುಕಲಿ?" ಎಂದು ನಾನು ಅಲ್ಲಿಂದಲೇ ಕಿರುಚಿದೆ.

ಲಾರಿಯವನು ಬೆರಳೆತ್ತಿ ನನ್ನ ಹೆಗಲನ್ನು ತೋರಿಸಿದ. ನಾನು ಕತ್ತು ತಿರುಗಿಸಿದೆ. ನನ್ನ ಮೂಗಿಗೆ ಒಂದು ಗೇಣು ದೂರದಲ್ಲಿ, ಹಳದಿ ಓಲೆಯ ಮೇಲೆ, ನಲವತ್ತೇಳು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಮಾತನ್ನು ಅವತ್ತಿನಿಂದ ನನ್ನೆದುರಿಗೆ ಯಾರೂ ಆಡುವಂತಿಲ್ಲ.

ನಲವತ್ತು ವರ್ಷ ಬೆಟ್ಟ ಹತ್ತಿದವನು ನಾನು. ಮುಂದಾಳು ಕುರಿಯ ನಡಿಗೆ ಯಾವುದು, ಮಾಂಸದ ಕುರಿಯ ನಡಿಗೆ ಯಾವುದು ಎಂದು ಒಂದು ಮೈಲಿಯಿಂದ ಹೇಳುತ್ತೇನೆ ಎಂದು ಜಂಬ ಕೊಚ್ಚುವವನು. ಮೂವತ್ತು ಮರಿಗಳನ್ನು ಮೂರು ಸಲ ನನ್ನ ಕಣ್ಣೆದುರೇ ತಿರುಗಿಸಿಕೊಂಡು ಹೋದವಳನ್ನು ದರಿದ್ರ ಎಂದೆನಲ್ಲ! ಪಟ್ಟಿಯಲ್ಲಿ ಸಾಧಾರಣ ಎಂದಿತ್ತು, ಅದಕ್ಕೇ ಕಣ್ಣಿಗೂ ಸಾಧಾರಣವಾಗಿ ಕಂಡಿತು. ನಾಚಿಕೆಯಾಯಿತು, ಸುಳ್ಳೇಕೆ ಹೇಳಲಿ.

ಹಲಗೆಯ ತುದಿಯಲ್ಲಿ ಕೂತು ಆಲ್ಡಿಸ್ ನನಗೆ ತೋರಿಸಿದಳು. ಮೇ ಹದಿನೇಳು, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ, ಬೋತ್ನಾ ಸತ್ತಳು, ಒಪ್ಪಿದೆ. ಅದರ ಕೆಳಗೆ ಒಪ್ಪದ ಸಾಲುಗಳು. ಓಲೆ ನಲವತ್ತೇಳು, ಹೆಣ್ಣುಮರಿ, ತಾಯಿ ಬೋತ್ನಾ. ಇಲ್ಲ. ಓಲೆ ನಲವತ್ತೇಳು, ತಾಯಿ ಬೋತ್ನಾ. ಇಲ್ಲ. ಮೂರನೆಯ ಸಲವೂ ಇಲ್ಲ. ನಾಲ್ಕನೆಯ ಸಲ ತಾಯಿಯ ಹೆಸರಿನ ಚೌಕದಲ್ಲಿ ಬೆಸ್ಸಿ ಬರೆದಿದ್ದ: 'ಬೋತ್ನಾ, ಈಗಷ್ಟೇ ಸತ್ತಳು, ದಯವಿಟ್ಟು.'

ಅದಕ್ಕೂ ಯಂತ್ರ ಇಲ್ಲ ಎಂದಿತ್ತು. ಐದನೆಯ ಸಾಲಿನಲ್ಲಿ ತಾಯಿ ಇನ್ನೂರ ಹನ್ನೆರಡು. ಒಪ್ಪಿದೆ.

ದಯವಿಟ್ಟು ಎಂಬ ಪದವನ್ನು ನಮ್ಮ ಜನ ಬೋರ್ಡಿನ ಮೇಲೆ ಬರೆಯುತ್ತಾರೆ, ಬಾಯಲ್ಲಿ ಆಡುವುದು ಕಡಿಮೆ. ಬೆಸ್ಸಿ ಅದನ್ನು ತನ್ನ ಜೀವಮಾನದಲ್ಲಿ ಯಾರಿಗೂ ಹೇಳಿದ್ದು ನಾನು ಕೇಳಿಲ್ಲ.

"ನಾಲ್ಕು ಸಲ ಸರಿಯಾಗೇ ಬರೆದಿದಾನೆ ಕಣೋ" ಎಂದಳು ಆಲ್ಡಿಸ್. ಹಲ್ಲು ಕಟಕಟ ಅನ್ನುತ್ತಿತ್ತು. "ನಾಲ್ಕು ಸಲಾನೂ ನಾನೇ ಬೇಡ ಅಂದಿದೀನಿ."

"ನೀನಲ್ಲ, ಯಂತ್ರ."

"ಯಂತ್ರಕ್ಕೆ ಹೇಳ್ಕೊಟ್ಟಿದ್ದು ಯಾರು?"

"ಹಂಗೆ ನೋಡಿದ್ರೆ ಹೇಳ್ಕೊಡೋ ಹಾಗೆ ಮಾಡಿದ್ದು ನಾನು. ಬಾ, ಮೊದಲು ಮೈ ಒರೆಸ್ಕೊ. ನ್ಯುಮೋನಿಯಾ ಬಂದು ನೀನು ಸತ್ರೆ ನಿನ್ನ ಹೆಸರಿಗೂ ಏನೂ ಬರೆಯೋಕಾಗಲ್ಲ."

ಮರುದಿನ ಇಬ್ಬರೂ ಆಸ್ಪತ್ರೆಗೆ ಹೋದೆವು. ದಿಂಬಿಗೆ ಒರಗಿ ಕುಳಿತಿದ್ದ ಬೆಸ್ಸಿ, ನಮ್ಮನ್ನು ಕಂಡ ಕೂಡಲೇ "ಇದ್ದಾಳಾ?" ಎಂದ. ಇದ್ದಾಳೆ ಎಂದೆ. ನನ್ನ ಕಿವಿಯ ಗಾಯ ತೋರಿಸಿದೆ. ಅವನು ಅದನ್ನು ಬಹಳ ಹೊತ್ತು ಸಂತೋಷದಿಂದ ನೋಡಿ, "ಅವಳಜ್ಜಿ ಥರಾನೇ, ಅವಳೂ ಹಿಂಗೇ ಕಚ್ಚೋಳು" ಎಂದ. ಅಲ್ಲೇ ಅವಳಿಗೆ ವಿಸ್ಸಾ ಎಂದು ಹೆಸರಿಟ್ಟ.

ಆಲ್ಡಿಸ್ ತಪ್ಪೊಪ್ಪಿಕೊಳ್ಳಲು ಕಾರಿನಲ್ಲಿ ಇಡೀ ದಾರಿ ಮಾತು ಜೋಡಿಸಿಕೊಂಡಿದ್ದಳು. ಎಲ್ಲ ಹೇಳಿದಳು, ಮೂರು ಪುಟ, ಮೂರು ಬಟನ್, ಸತ್ತವರ ಹೆಸರಿಗೆ ಮರಿ ಬರೆಯಬಾರದೆಂಬ ನಿಯಮ. ಬೆಸ್ಸಿ ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದುತ್ತ ಕೇಳಿದ.

"ಅದೊಂದು ವಿಚಿತ್ರ ನಿಯಮ ಕಣಮ್ಮ" ಎಂದ. "ಸತ್ತವರಿಗೂ ಮಕ್ಕಳಿರ್ತಾರೆ. ನಿನ್ನ ಹೆಸರನ್ನ ಬರೆಯೋಕೆ ಹೋದ್ರೆ ನಿನ್ನ ಯಂತ್ರ ಒಪ್ಪತ್ತಾ? ಸೋಲ್ರೂನ್ ಮಗಳು ಆಲ್ಡಿಸ್ ಅಂತ?"

ಆಲ್ಡಿಸ್ ಕಾರಿನ ಕೀಲಿಯನ್ನು ನನ್ನ ಕೈಗೆ ಕೊಟ್ಟಳು. ಅವಳು ಸೋತಳೆಂದು ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ವಾಪಸು ಬರುವಾಗ ಕಾರು ನಾನೇ ಓಡಿಸಿದೆ.

ಆಮೇಲೆ ಐದು ವಾರ ಅವಳು ಶಾಲೆಮನೆಯಿಂದ ಹೊರಗೆ ಬಂದದ್ದು ಕೊಳಕ್ಕೆ ಹೋಗಲು ಮಾತ್ರ. ಕಪ್ಪು ಹಲಗೆಯ ತುಂಬ ಬಾಣಗಳು. ಹಾಲು ಮೊಟ್ಟೆಗೆ ಜಾಗವಿಲ್ಲದೆ ನಾನೇ ತಂದುಕೊಡುತ್ತಿದ್ದೆ. ನವೆಂಬರಿನಲ್ಲಿ ಕರೆದು ತೋರಿಸಿದಳು. ಮೂರು ಪುಟ ಹೋಗಿ ಒಂದೇ ಪುಟ. ಕುರಿ, ಮರಿ, ಸಾವು, ಹಾಲು, ಎಲ್ಲ ಒಂದರ ಕೆಳಗೊಂದು, ಕೊನೆಯಲ್ಲಿ ಒಂದೇ ಒಂದು ಸೇವ್ ಬಟನ್.

"ಯಾವುದನ್ನ ಬೇಕಾದ್ರೂ ಮೊದಲು ಬರಿ" ಎಂದಳು. "ಸಾವೇ ಮೊದಲು ಬರೆದ್ರೂ ಸರಿ. ಒತ್ತಿದ ಮೇಲೆ ತಾಯೀನ ಮೊದಲು ಹಿಡ್ಕೋಬೇಕು, ಮರೀನ ಅವಳ ಕೈಗೆ ಕೊಡ್ಬೇಕು, ಆಮೇಲೆ ತಾಯೀನ ಕಳಿಸ್ಬೇಕು ಅನ್ನೋದನ್ನ ಯಂತ್ರ ನೋಡ್ಕೊಳತ್ತೆ. ಅದು ನಿಮ್ಮ ತಲೆನೋವಲ್ಲ."

"ಮಧ್ಯೆ ನೆಟ್‌ವರ್ಕ್ ಹೋದ್ರೆ?"

"ಆಗ ಒಂದೂ ಉಳಿಯಲ್ಲ, ಮತ್ತೆ ಒತ್ತಬೇಕು. ಹೊಳೆ ದಾಟಿಸೋವಾಗ ನೀನೇನು ಮಾಡ್ತೀಯ? ಅರ್ಧ ಹಿಂಡು ಆಚೆ, ಅರ್ಧ ಹಿಂಡು ಈಚೆ ಬಿಟ್ಟು ಮನೆಗೆ ಬರ್ತೀಯಾ? ಎಲ್ಲ ದಾಟಬೇಕು, ಇಲ್ಲ ಎಲ್ಲ ಈಚೆ ದಡದಲ್ಲೇ ಇರ್ಬೇಕು. ಇದೂ ಅಷ್ಟೇ."

ಇಷ್ಟು ಸುಲಭದ ಮಾತಿಗೆ ಐದು ವಾರ ಯಾಕೆ ಬೇಕಾಯಿತು ಎಂದು ಕೇಳಬೇಕೆನಿಸಿತು. ಅವಳ ಕಣ್ಣ ಕೆಳಗಿನ ಕಪ್ಪು ನೋಡಿ ಕೇಳಲಿಲ್ಲ.

ತಾಯಿಗೆ ಎರಡು ಚೌಕ ಇಟ್ಟಿದ್ದಳು. ಹೆತ್ತ ತಾಯಿ, ಹಾಲಿತ್ತ ತಾಯಿ. ಅವರಿಬ್ಬರಲ್ಲಿ ಯಾರು ಬದುಕಿದ್ದರೂ ಸತ್ತಿದ್ದರೂ ಅಡ್ಡಿಯಿಲ್ಲ. ಪಟ್ಟಿಯಲ್ಲಿಲ್ಲದ ಹೆಸರನ್ನು ಹೊಸದಾಗಿಯೂ ಬರೆಯಬಹುದು. ಪಟ್ಟಿಯಿಂದ ಆರಿಸಿದರೆ ಆ ಕುರಿ ಹುಟ್ಟಿದ ವರ್ಷವೂ ಪಕ್ಕದಲ್ಲಿ ಕಾಣುತ್ತದೆ, ಇನ್ನು ನನ್ನಂಥವನೂ ಹೆಸರಿನಿಂದ ಮೋಸ ಹೋಗುವಂತಿಲ್ಲ.

"ಈಗ ಯಾರಾದ್ರೂ ಸುಮ್ನೆ ಒಂದು ಬರೆದು ನೋಡ್ಬೇಕು" ಎಂದಳು. "ಕಣಿವೇಲಿ ಎಲ್ಲರಿಗಿಂತ ದಡ್ಡ ಯಾರು ಅಂತ ಯೋಚನೆ ಮಾಡಿದೆ. ನಿನ್ನ ಕರೆದೆ."

ಅವಳು ಕಾಫಿ ಸೋಸಲು ಎದ್ದು ಹೋದಳು. ನಾನು ಒಂದೊಂದೇ ಬೆರಳಿನಿಂದ ಬರೆದೆ. ಎಲ್ಲಕ್ಕಿಂತ ಮೊದಲು, ಹಳೆಯ ಕಟ್ಟಳೆಯಂತೆ, ಸಾವುಗಳು. ಹೆತ್ತ ತಾಯಿ ಸೋಲ್ರೂನ್, ಇಲ್ಲ. ಹಾಲಿತ್ತ ತಾಯಿ ರಾಗ್ನಾ, ಅವಳೂ ಈಗ ಇಲ್ಲ. ಮರಿಯ ಹೆಸರು ಆಲ್ಡಿಸ್. ಬಣ್ಣ ಕೆಂಚು. ಗುಣ ಎಂಬಲ್ಲಿ ಮುಂದಾಳು ಎಂದು ಬರೆದು, ಸಾಲದೆಂದು ಹಟಮಾರಿ ಎಂದು ಸೇರಿಸಿದೆ. ಕೊನೆಯ ಪ್ರಶ್ನೆ, ಚಳಿಗಾಲಕ್ಕೆ ಇಟ್ಟುಕೊಳ್ಳುವಿರಾ? ಹೌದು ಎಂದು ಒತ್ತಿದೆ. ಸೇವ್ ಒತ್ತಿದೆ.

ಯಂತ್ರ ಒಂದು ಸಲವೂ ತಕರಾರು ಮಾಡಲಿಲ್ಲ.

ಆಲ್ಡಿಸ್ ಎರಡು ಬಟ್ಟಲು ಹಿಡಿದು ಬಂದು ನನ್ನ ಹಿಂದೆ ನಿಂತಳು. ಓದಿದಳು. ಕಾಫಿ ಕೆಳಗಿಡಲಿಲ್ಲ, ಕೂರಲಿಲ್ಲ. ಮೂಗು ಎಳೆದುಕೊಳ್ಳುತ್ತ ಹೇಳಿದಳು, "ತೂಕ ಬರೆದೇ ಇಲ್ಲ ನೀನು. ತೂಕ ಇಲ್ದೆ ಅದು ಒಪ್ಪಬಾರ್ದಿತ್ತು. ಎಲ್ಲೋ ತಪ್ಪಿದೆ."

ಆ ತಪ್ಪನ್ನು ಅವತ್ತೇ ತಿದ್ದಿದಳು. ನಾನು ಬರೆದದ್ದನ್ನು ಅಳಿಸಲಿಲ್ಲ. ಬೆಸ್ಸಿ ಕ್ರಿಸ್‌ಮಸ್ಸಿಗೆ ಕೋಲೂರಿಕೊಂಡು ಮನೆಗೆ ಬಂದ, ವಿಸ್ಸಾ ಈಗ ಹಿಂಡಿನ ಮುಂದೆ ನಡೆಯುತ್ತಾಳೆ. ಈ ಸೆಪ್ಟೆಂಬರಿನಲ್ಲಿ ಸಂಘದ ಪಟ್ಟಿ ಅಚ್ಚಾಗಿ ಹನ್ನೊಂದು ಮನೆಗೂ ಹೋಯಿತು. ಚಳಿಗಾಲಕ್ಕೆ ಇಟ್ಟುಕೊಳ್ಳತಕ್ಕವರ ಸಾಲಿನಲ್ಲಿ, ಬೋತ್ನಾಳ ಮಗಳು ವಿಸ್ಸಾಳ ಕೆಳಗೆ, ಸೋಲ್ರೂನಳ ಮಗಳು ಆಲ್ಡಿಸ್ ಎಂದಿತ್ತು. ಇದುವರೆಗೆ ಒಬ್ಬರೂ ಆಕ್ಷೇಪಣೆ ತಂದಿಲ್ಲ.